ಅಂಟದ ಕೆಮ್ಮು

ವಾಡಿ ಜಂಕ್ಷನ್ನಿನಲ್ಲಿ ಇಳಿದವರಿಗೆ ಪೀರಮ್ಮನ ಖಾನಾವಳಿಯ ದಾರಿಯನ್ನು ಯಾರೂ ತೋರಿಸಬೇಕಾಗಿರಲಿಲ್ಲ. ಅವಳ ದನಿಯೇ ಕರೆದುಕೊಂಡು ಹೋಗುತ್ತಿತ್ತು. ಖಾನಾವಳಿಯೇನೂ ದೊಡ್ಡದಲ್ಲ. ಫರಸಿ ಕಲ್ಲು ಹೊದಿಸಿದ ಒಂದು ಕೋಣೆ, ಮುಂದೆ ಅಂಗಳ, ಅಂಗಳದಲ್ಲಿ ಬೇವಿನ ಮರ. ಗಂಡ ಕಾಲರಾದಲ್ಲಿ ತೀರಿಹೋದ ಮೇಲೆ ಅವಳು ತವರಿಗೆ ಮರಳದೆ ಅಲ್ಲೇ ಒಲೆ ಹೂಡಿದ್ದಳು. ರೈಲಿನ ಡ್ರೈವರು, ಗಾರ್ಡು, ಕಲ್ಲಿದ್ದಲು ಎಸೆಯುವ ಫಾಯರಮನ್ನು ಎಲ್ಲರೂ ಅವಳ ಜೋಳದ ರೊಟ್ಟಿಗೆ ಹಾತೊರೆಯುತ್ತಿದ್ದರು. ಅವಳ ಮಾತಿಗೆ ಹೆದರುತ್ತಲೂ ಇದ್ದರು. ಒಬ್ಬ ರೊಟ್ಟಿ ದಪ್ಪಗಾಯಿತು ಅಂದರೆ, ಅವನ ಮಾವನ ಮನೆಯ ತನಕ ಸುದ್ದಿ ಮುಟ್ಟುವಷ್ಟು ಜೋರಾಗಿ ಅವಳು ಉತ್ತರ ಕೊಡುತ್ತಿದ್ದಳು.

ಅಂಥ ಪೀರಮ್ಮ ಮೂವತ್ತಾರನೆಯ ವಯಸ್ಸಿನಲ್ಲಿ ಒಬ್ಬ ಗಂಡಸಿನ ಮೇಲೆ ಮನಸ್ಸಿಟ್ಟಳು. ಅವನಿಗೋ ದನಿಯೇ ಇರಲಿಲ್ಲ.

ಅವನ ಹೆಸರು ಖಂಡೆಪ್ಪ. ಊರು ಚಿತ್ತಾಪುರದ ಕಡೆಯದು. ಹದಿನೆಂಟು ತುಂಬುವ ಮೊದಲೇ ಬೊಂಬಾಯಿಗೆ ಹೋಗಿದ್ದವನು, ನಿಜಾಮರ ಮೇಲೆ ಪೋಲೀಸ್ ಆಕ್ಷನ್ ಆಗಿ ಈ ಸೀಮೆ ತಣ್ಣಗಾದ ಮೇಲೆ ಮರಳಿ ಬಂದ. ಆಗಲೇ ಎದೆ ಸೋತಿತ್ತು. ನಾಲ್ಕು ಹೆಜ್ಜೆ ಬಿರುಸಾಗಿ ನಡೆದರೆ ನಿಂತು ಉಸಿರು ಹಿಡಿಯಬೇಕು, ನಕ್ಕರೆ ಕೆಮ್ಮಬೇಕು. ಆದರೆ ನಗದೆ ಇರುವುದು ಅವನ ಜಾಯಮಾನದಲ್ಲಿಯೇ ಇರಲಿಲ್ಲ, ಹಾಗಾಗಿ ದಿನವಿಡೀ ಕೆಮ್ಮುತ್ತಿದ್ದ. ಸ್ಟೇಷನ್ನಿನ ಹಿಂದೆ ಪೇರಿಸಿಟ್ಟ ಫರಸಿ ಕಲ್ಲುಗಳನ್ನು ಕಾಯುವ ಕೆಲಸ ಸಿಕ್ಕಿತ್ತು. ಕಲ್ಲನ್ನು ಯಾರು ಹೊತ್ತುಕೊಂಡು ಓಡುತ್ತಾರೆ, ಕೂತು ಕಾದರೆ ಸಾಕು ಎಂದು ಮಾಲಕರು ಕೊಟ್ಟದ್ದು.

ಊರಿನ ಔಷಧಿಯವರು ಅವನ ಕೆಮ್ಮನ್ನು ಕೇಳಿ, ದೂರದಿಂದಲೇ ನಾಡಿ ನೋಡಿದಂತೆ ಮಾಡಿ, ಕ್ಷಯ ಅಂದುಬಿಟ್ಟಿದ್ದರು. ಅಂದಿನಿಂದ ಖಂಡೆಪ್ಪ ತನ್ನನ್ನು ತಾನೇ ದೂರ ಇಟ್ಟುಕೊಂಡ. ಖಾನಾವಳಿಗೆ ಬರುವಾಗ ತನ್ನ ತಾಟು, ತನ್ನ ಗಿಲಾಸು ತರುತ್ತಿದ್ದ. ಒಳಗೆ ಬಾರದೆ ಬೇವಿನ ಮರದ ಬುಡದಲ್ಲಿ ಕೂಡುತ್ತಿದ್ದ. ಪೀರಮ್ಮ ಅರ್ಧ ದಾರಿಯಲ್ಲಿದ್ದ ಒಂದು ಕಲ್ಲಿನ ಮೇಲೆ ರೊಟ್ಟಿ ಪಲ್ಯ ಇಟ್ಟು ಹಿಂದೆ ಸರಿಯಬೇಕು, ಆಮೇಲೆ ಅವನು ಎದ್ದು ಬಂದು ತೆಗೆದುಕೊಳ್ಳಬೇಕು. ಇದು ಅವನದೇ ಕಾಯಿದೆ.

ಹೀಗಾಗಿ ಅವರಿಬ್ಬರ ಮಾತೆಲ್ಲ ಅಂಗಳದ ಆಚೆಗೊಬ್ಬರು ಈಚೆಗೊಬ್ಬರು ಕುಳಿತು ನಡೆಯುತ್ತಿತ್ತು. ಅವನು ಮೆಲ್ಲಗೆ ಹೇಳುತ್ತಿದ್ದ. ಅವಳು ಕಿವಿ ಚೂಪು ಮಾಡಿ ಕೇಳಿಸಿಕೊಂಡು, ತನ್ನ ಎಂದಿನ ದನಿಯಲ್ಲಿ ಉತ್ತರ ಕೊಡುತ್ತಿದ್ದಳು. ಒಳಗೆ ಉಣ್ಣುತ್ತಿದ್ದವರಿಗೆ ಅರ್ಧ ಮಾತು ಮಾತ್ರ ಕೇಳಿಸುತ್ತಿತ್ತು, ಉಳಿದರ್ಧವನ್ನು ಅವರೇ ತುಂಬಿಕೊಳ್ಳುತ್ತಿದ್ದರು.

"ಅಯ್ಯ, ಅಷ್ಟು ಚಂದ ಏನ್ರಿ!" ಎಂದು ಅಂಗಳದಿಂದ ಕೂಗು ಬರುತ್ತಿತ್ತು.

ಒಳಗೆ ಕೈಗಳು ತಾಟಿನ ಮೇಲೆ ನಿಲ್ಲುತ್ತಿದ್ದವು.

"ಹೋಗ್ರಿ, ಸುಳ್ಳ ಹೇಳ್ತೀರಿ! ಇಷ್ಟ್ ದೊಡ್ಡ ಕಣ್ಣು ಎಲ್ಲ್ಯರ ಇರ್ತಾವೇನ್ರಿ!"

ಫಾಯರಮನ್ ಒಬ್ಬ ಗಾರ್ಡಿನ ತೊಡೆ ತಿವಿಯುತ್ತಿದ್ದ. ಖಂಡೆಪ್ಪ ಹೇಳುತ್ತಿದ್ದದ್ದು ಬೊಂಬಾಯಿಯ ಪೇಟೆಯಲ್ಲಿ ಕಂಡ ಒಂದು ಮೀನಿನ ಸಂಗತಿ.

ಬೊಂಬಾಯಿಯಲ್ಲಿ ಅವನು ಮಾಡುತ್ತಿದ್ದ ಕೆಲಸದ ವಿಷಯದಲ್ಲಿಯೂ ಹೀಗೆಯೇ ಒಂದು ಫಜೀತಿ ಆಯಿತು. "ಗೋದಿಯೊಳಗ ಇದ್ದೆ" ಎಂದು ಅವನು ಬಂದ ದಿನವೇ ಹೇಳಿದ್ದ. ವಾಡಿಯ ಜನರೆಲ್ಲ ಅವನು ಗೋದಿಯ ಚೀಲ ಹೊರುತ್ತಿದ್ದ ಎಂದೇ ತಿಳಿದಿದ್ದರು. ಪೀರಮ್ಮನೂ ಅಷ್ಟೇ.

"ಅಷ್ಟು ವರ್ಷ ಗೋದಿ ಹೊತ್ತೀರಿ, ಒಂದು ದಿನರ ಗೋದಿ ಹುಗ್ಗಿ ಉಂಡೀರೋ ಇಲ್ಲೋ?" ಎಂದು ಒಮ್ಮೆ ಕೇಳಿದಳು.

ಖಂಡೆಪ್ಪ ಕಣ್ಣು ಪಿಳುಕಿಸಿದ. ಆಮೇಲೆ ಅರ್ಥವಾಗಿ ನಗತೊಡಗಿದ. ನಗು ಕೆಮ್ಮಾಯಿತು, ಕೆಮ್ಮು ನಗುವಾಯಿತು, ಮರ ಹಿಡಿದುಕೊಂಡು ಎದ್ದು ನಿಂತ. "ಪೀರಮ್ಮ, ಬೊಂಬಾಯಿದಾಗ ಗೋದಿ ಅಂದ್ರ ಹಡಗ ನಿಲ್ಲೋ ಜಾಗ. ಅಲ್ಲಿ ಹಡಗ ಕಟ್ತಾರ, ರಿಪೇರಿ ಮಾಡ್ತಾರ. ನಾ ಹಡಗಿನ ಹೊಟ್ಟಿಯೊಳಗ ಕೆಲಸ ಮಾಡ್ದಾಂವ."

"ಹಂಗಾದ್ರ ಚೀಲ ಹೊತ್ತಿಲ್ಲೇನು?"

"ಚೀಲ ಹರದೀನಿ. ಅದ್ರಾಗ ಗೋದಿ ಇರ್ತಿರಲಿಲ್ಲ, ಕಲ್ಲಿನ ಹತ್ತಿ ಇರ್ತಿತ್ತು."

ಕಲ್ಲಿನಿಂದ ಹತ್ತಿ ಬರುತ್ತದೆ ಎಂದು ಪೀರಮ್ಮ ನಂಬಲಿಲ್ಲ. ಅವನು ಆಣೆ ಮಾಡಿ ಹೇಳಿದ. ನೆಲದಿಂದ ಅಗೆದು ತೆಗೆದ ಕಲ್ಲು, ಆದರೆ ಬಿಡಿಸಿದರೆ ಹತ್ತಿಯ ಹಾಗೆ ನಾರು ನಾರು. ಬೆಂಕಿಯಲ್ಲಿ ಹಾಕಿದರೂ ಸುಡುವುದಿಲ್ಲ. ಹಡಗಿನ ಉಗಿಯ ಕೊಳವೆಗಳು ಮುಟ್ಟಿದರೆ ಚರ್ಮ ಕಿತ್ತು ಬರುವಷ್ಟು ಕಾದಿರುತ್ತಿದ್ದವು. ಅವಕ್ಕೆ ಈ ಹತ್ತಿಯನ್ನು ನೀರಲ್ಲಿ ಕಲಸಿ ಮೆತ್ತಬೇಕು.

"ನೀ ಹಿಟ್ಟು ನಾದ್ತಿಯಲ್ಲ, ಹಂಗೇ ನಾದೋದು. ನೀ ರೊಟ್ಟಿ ಬಡಿತಿಯಲ್ಲ, ಹಂಗೇ ಕೊಳವಿಗೆ ಬಡಿಯೋದು. ನಾನೂ ನಿನ್ನ ಕಸಬಿನಾಂವನೇ!"

"ಆಹಾ, ಬಂದ್ರು ನನ್ನ ಕಸಬಿನವ್ರು! ನನ್ನ ರೊಟ್ಟಿ ತಿಂದವ್ರು ಹಡಗಿನಂಗ ಆಗ್ತಾರ, ನಿಮ್ಮ ರೊಟ್ಟಿ ಹಡಗೇ ತಿಂತದ!" ಎಂದು ಪೀರಮ್ಮ ಕೂಗಿದಳು. ಒಳಗಿದ್ದವರಿಗೆ ಇದರ ತಲೆಬುಡ ತಿಳಿಯಲಿಲ್ಲ.

ಚೀಲ ಒದರಿದರೆ ಹಡಗಿನ ಹೊಟ್ಟೆಯೊಳಗೆ ಮಂಜು ಕವಿದಂತಾಗಿ ಪಕ್ಕದವನ ಮುಖ ಕಾಣುತ್ತಿರಲಿಲ್ಲವಂತೆ. ಹೋಳಿಯ ದಿನ ಬಣ್ಣ ಸಿಗದಿದ್ದರೆ ಅದನ್ನೇ ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆಯುತ್ತಿದ್ದರಂತೆ. ಯುದ್ಧದ ವರ್ಷಗಳಲ್ಲಿ ಹಗಲು ರಾತ್ರಿ ಹಡಗು ಬರುತ್ತಿದ್ದವು, ಇವರು ಅದೇ ಚೀಲಗಳ ಮೇಲೆ ಮಲಗಿ ಏಳುತ್ತಿದ್ದರು. "ಭಾಳ ಮೆತ್ತಗ ಇರ್ತಿದ್ವು, ಪೀರಮ್ಮ. ಅಂಥಾ ಗಾದಿ ನಿಜಾಮರ ಮನ್ಯಾಗೂ ಇರಾಂಗಿಲ್ಲ." ಅವನು ಅದನ್ನೆಲ್ಲ ಸಂತೋಷದ ಕಾಲದಂತೆ ಹೇಳುತ್ತಿದ್ದ. ಸಂತೋಷದ ಕಾಲವೇ ಆಗಿತ್ತು ಕೂಡ. ಜೊತೆಯಲ್ಲಿ ಶಹಾಬಾದಿನ ಇಸಾಕ ಇದ್ದ, ಇಬ್ಬರೂ ಒಂದೇ ರೈಲಿನಲ್ಲಿ ಊರು ಬಿಟ್ಟವರು. ಇಸಾಕ ಇನ್ನೂ ಅಲ್ಲೇ ಇದ್ದ.

ಆ ಚಳಿಗಾಲದಲ್ಲಿ, ೧೯೫೪ ಮುಗಿಯಲು ಬಂದಿದ್ದಾಗ, ಒಂದು ಮಧ್ಯಾಹ್ನ ಪೀರಮ್ಮ ಮನಸ್ಸು ಗಟ್ಟಿ ಮಾಡಿಕೊಂಡಳು. ಮೆಲ್ಲಗೆ ಕೇಳಬೇಕು, ಯಾರಿಗೂ ಗೊತ್ತಾಗಬಾರದು ಎಂದು ಬೆಳಗಿನಿಂದ ತನಗೆ ತಾನೇ ಹೇಳಿಕೊಂಡಿದ್ದಳು. ರೊಟ್ಟಿ ಕಲ್ಲಿನ ಮೇಲಿಟ್ಟು ಹಿಂದೆ ಸರಿದು, ಸೆರಗಿನಿಂದ ಬೆವರು ಒರೆಸಿಕೊಂಡು ಬಾಯಿ ತೆರೆದಳು. ಬಂದದ್ದು ಅವಳ ಎಂದಿನ ದನಿಯೇ.

"ನನ್ನ ಉಡಕಿ ಮಾಡ್ಕೋತೀರೇನ್ರಿ?"

ಉಡಕಿ ಅಂದರೆ ಗಂಡ ಸತ್ತವಳಿಗೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು, ಅವರ ಜನದಲ್ಲಿ ಇದ್ದ ಪದ್ಧತಿ. ಖಾನಾವಳಿಯ ಒಳಗೆ ಎಲ್ಲ ಬಾಯಿಗಳು ನಿಂತವು. ಡ್ರೈವರ್ ಬಂದೇಅಲಿ ಸಾರಿನ ಕೈಯಲ್ಲೇ ಬಾಗಿಲಿಗೆ ಬಂದ.

ಖಂಡೆಪ್ಪ ಎದ್ದು ನಿಂತ. ಅವನ ಮುಖದ ಮೇಲೆ ಒಂದು ಗಳಿಗೆ ಹೊಳಪು ಬಂದು ಹೋಯಿತು. ಪೀರಮ್ಮ ಅದನ್ನು ಕಂಡಳು. ಆಮೇಲೆ ಏನೋ ಹೇಳಿ, ತಾಟು ಎತ್ತಿಕೊಂಡು ನಿಧಾನವಾಗಿ ಹೊರಟುಹೋದ.

"ಏನಂದನವ್ವ?" ಬಂದೇಅಲಿ ಕೇಳಿದ.

ಜನ್ಮದಲ್ಲಿ ಮೊದಲ ಸಲ ಪೀರಮ್ಮನ ದನಿ ಮೆತ್ತಗಾಯಿತು. "ನಿನ್ನ ಕೊಲ್ಲಲಿಕ್ಕೆ ನಂಗ ಮನಸಿಲ್ಲ ಅಂದ್ರು."

ಅವಳು ಅತ್ತಳೇ ಎಂದರೆ, ಹೌದು, ಹಿಟ್ಟಿನ ಡಬ್ಬದ ಹಿಂದೆ ಕೂತು ಒಂದಿಷ್ಟು ಅತ್ತಳು. ಆದರೆ ಅಳು ಅವಳಿಗೆ ಒಗ್ಗಿದ ಕೆಲಸವಲ್ಲ. ಮರುದಿನವೇ ಕಲ್ಲಿನ ರಾಶಿಗಳ ಹತ್ತಿರ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಹೈದರಾಬಾದಿನ್ಯಾಗ ಕ್ಷಯಕ್ಕ ಹೊಸ ಸೂಜಿ ಬಂದದಂತ. ಬಂದೇಅಲಿ ಸಾಹೇಬ್ರು ಹೇಳ್ಯಾರ. ಅವ್ರ ಅಳಿಯ ಸೂಜಿ ಹಾಕ್ಸಿಕೊಂಡು ಈಗ ಕುಸ್ತಿ ಆಡಾಕತ್ಯಾನಂತ. ನಡೀರಿ."

"ಆಗಲಾರದ್ದು ಮಾತಾಡಬ್ಯಾಡ."

"ನೀವು ಬರದಿದ್ರ ನಾಳಿಯಿಂದ ನಿಮಗ ರೊಟ್ಟಿ ಇಲ್ಲ. ಬರೇ ಗೋದಿ ಹುಗ್ಗಿ!"

ಅವನು ನಕ್ಕ, ಕೆಮ್ಮಿದ, ಸೋತ. ಒಂದೇ ಷರತ್ತು ಹಾಕಿದ: ರೈಲಿನಲ್ಲಿ ಅವಳು ಡಬ್ಬಿಯ ಆ ತುದಿಗೆ, ತಾನು ಈ ತುದಿಗೆ.

ಹಾಗೆಯೇ ಹೊರಟರು. ಪ್ಯಾಸೆಂಜರ್ ಗಾಡಿ ಚಿತ್ತಾಪುರ ದಾಟಿತು, ಮಳಖೇಡ ದಾಟಿತು. ಆ ತುದಿಯಿಂದ ಪೀರಮ್ಮ, "ಬಾಗಿಲ ಹತ್ರ ಕುಂದರಬ್ಯಾಡ್ರಿ, ಗಾಳಿ ಬಡಿತದ! ಶಾಲು ಹೊದ್ಕೋರಿ! ಆ ಕಡೆ ನೋಡ್ರಿ, ಜೋಳ ಎಷ್ಟು ಚಂದ ನಿಂತದ!" ಎಂದು ಕೂಗುತ್ತಲೇ ಇದ್ದಳು. ನಡುವೆ ಕೂತ ಪ್ರಯಾಣಿಕರು ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ಕತ್ತು ತಿರುಗಿಸುತ್ತ ಬಂದರು. ಸೇಡಂ ಬರುವ ಹೊತ್ತಿಗೆ ಇಡೀ ಡಬ್ಬಿ ಇವರ ಸಂಬಂಧದ ಪರವಾಗಿತ್ತು. ಒಬ್ಬ ಅಜ್ಜಿ ಮಾತ್ರ ಹುಡುಗ ಸ್ವಲ್ಪ ತೆಳ್ಳಗಾದ ಎಂದಳು.

ಸೇಡಂ ಸ್ಟೇಷನ್ನಿನಲ್ಲಿ ಪೀರಮ್ಮನ ಅಣ್ಣ ಕಾಶಪ್ಪ ಕಾಯುತ್ತಿದ್ದ. ಅಲ್ಲೇ ಹತ್ತಿರದ ಮುಧೋಳದಲ್ಲಿ ಕುರಿ ಸಾಕಿಕೊಂಡಿದ್ದ ಅವನಿಗೆ ಸುದ್ದಿ ಹೇಗೋ ಮುಟ್ಟಿತ್ತು. ಪೀರಮ್ಮನ ಸುದ್ದಿ ಮುಟ್ಟದೆ ಇರುವ ಊರು ಯಾವುದು? ಮೈಮೇಲೆ ಕಂಬಳಿ, ಕೈಯಲ್ಲಿ ಬುತ್ತಿಯ ಗಂಟು. ತಂಗಿಯನ್ನು ಮಾತಾಡಿಸದೆ ಅವನು ನೇರವಾಗಿ ಖಂಡೆಪ್ಪ ಕೂತ ಬಾಗಿಲಿಗೆ ಹೋದ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ. ಸಂತೆಯಲ್ಲಿ ಟಗರು ನೋಡಿದಂತೆ ಒಂದು ಸುತ್ತು ಹಾಕಲು ಅಲ್ಲಿ ಜಾಗವಿರಲಿಲ್ಲ, ಇಲ್ಲದಿದ್ದರೆ ಅದನ್ನೂ ಮಾಡುತ್ತಿದ್ದ.

"ಬಾಯಿ ತಗೀರಿ," ಎಂದ.

ಖಂಡೆಪ್ಪ ದಂಗಾಗಿ ಬಾಯಿ ತೆರೆದ.

"ಹಲ್ಲು ಚಲೋ ಅದಾವ," ಎಂದು ಕಾಶಪ್ಪ ತಂಗಿಯ ಕಡೆಗೆ ತಿರುಗಿ ಹೇಳಿದ. "ಆದ್ರ ದಮ್ಮಿಲ್ಲ. ದಮ್ಮಿಲ್ಲದ್ದನ್ನ ಯಾಕ ತಗೋತಿ, ತಂಗಿ?"

"ಅಣ್ಣ, ನಾ ಗಂಡನ್ನ ಮಾಡ್ಕೊಳ್ಳಾಕತ್ತೀನಿ, ಹಿಂಡಿಗೆ ಟಗರು ತರಾಕತ್ತಿಲ್ಲ!"

ಗಾಡಿ ಸೀಟಿ ಹೊಡೆಯಿತು. ಖಂಡೆಪ್ಪ ಬಾಗಿಲ ಸರಳು ಹಿಡಿದುಕೊಂಡು ಬಗ್ಗಿ ಬಗ್ಗಿ ನಗುತ್ತಿದ್ದ. ಕಾಶಪ್ಪನ ಬಿಗಿದ ಮೋರೆ ಆ ನಗುವನ್ನು ಕಂಡು ಸಡಿಲಾಯಿತು. ಗಾಡಿ ಚಲಿಸಿದ ಮೇಲೆ ಅವನೂ ಜೊತೆಗೆ ನಾಲ್ಕು ಹೆಜ್ಜೆ ಓಡಿ, ಬುತ್ತಿಯ ಗಂಟನ್ನು ತಂಗಿಯ ಕೈಗೆ ಕೊಡದೆ ಖಂಡೆಪ್ಪನ ಮಡಿಲಿಗೆ ಎಸೆದ.

ಹೈದರಾಬಾದಿನ ದವಾಖಾನೆಯಲ್ಲಿ ಎದೆಯ ರೋಗ ನೋಡುವವರು ಡಾಕ್ಟರ್ ಅಖ್ತರ ಬೇಗಂ. ಗುಲಬರ್ಗಾದಲ್ಲಿ ಹುಟ್ಟಿ ಬೆಳೆದವರು, ವಿಲಾಯತಿಗೂ ಹೋಗಿ ಓದಿ ಬಂದವರು. ಈ ಕಡೆಯವರು ಬಂದರೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಖಂಡೆಪ್ಪನ ಬೆನ್ನಿಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಅವನ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದರು. ತುದಿಗಳು ನಗಾರಿಯ ಕೋಲಿನಂತೆ ಉಬ್ಬಿದ್ದವು. ಅದು ಹುಟ್ಟಿನಿಂದ ಬಂದದ್ದು ಎಂದೇ ಪೀರಮ್ಮ ತಿಳಿದಿದ್ದಳು. ಎದೆಯ ಫೋಟೋ ತೆಗೆಸಿದರು, ಕಫವನ್ನು ಮೇಲಿಂದ ಮೇಲೆ ಪರೀಕ್ಷೆಗೆ ಕಳಿಸಿದರು. ಕೆಲವು ದಿನ ಇಬ್ಬರೂ ದವಾಖಾನೆಯ ಪಡಸಾಲೆಯಲ್ಲೇ ಕಳೆದರು, ಒಂದು ಕಂಬಕ್ಕೆ ಅವನು, ಇನ್ನೊಂದು ಕಂಬಕ್ಕೆ ಅವಳು.

ಕೊನೆಗೆ ಡಾಕ್ಟರಮ್ಮ ಇಬ್ಬರನ್ನೂ ಒಳಗೆ ಕರೆದರು.

"ಏನ್ ಕೆಲಸ ಮಾಡ್ತಿದ್ರಿ ನೀವು?"

"ಗೋದಿಯೊಳಗ ಇದ್ದೆರಿ, ಅಮ್ಮಾರ."

"ಚೀಲದ ಗೋದಿ ಅಲ್ರಿ," ಎಂದು ಪೀರಮ್ಮ ಗಡಿಬಿಡಿಯಿಂದ ನಡುವೆ ಬಾಯಿ ಹಾಕಿದಳು. "ಹಡಗಿನ ಗೋದಿರಿ. ಕಲ್ಲಿನ ಹತ್ತಿ ನಾದಿ ಕೊಳವಿಗೆ ಬಡಿತಿದ್ರು. ಅದ್ರ ಮ್ಯಾಲೇ ಮಕ್ಕೊಳ್ತಿದ್ರು."

ಡಾಕ್ಟರಮ್ಮ ಕೈಯಲ್ಲಿದ್ದ ಫೋಟೋವನ್ನು ಮೇಜಿನ ಮೇಲೆ ಇಟ್ಟರು. "ಆಸ್ಬೆಸ್ಟಾಸ್," ಎಂದರು. "ಕನ್ನಡದಾಗ ಕಲ್ನಾರು ಅಂತಾರ. ಎಷ್ಟು ವರ್ಷ?"

"ಹನ್ನೆರಡು ಹದಿಮೂರು ಆಗಿರಬೇಕ್ರಿ."

ಅವರು ಎದ್ದು ಸೂಕ್ಷ್ಮದರ್ಶಕದ ಗಾಜಿನ ಚೂರನ್ನು ಸರಿಪಡಿಸಿ, ಮೊದಲು ಖಂಡೆಪ್ಪನಿಗೆ, ಆಮೇಲೆ ಪೀರಮ್ಮನಿಗೆ ನೋಡಲು ಹೇಳಿದರು. ಪೀರಮ್ಮ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಬೆಳಕಿನ ಬಟ್ಟಲಿನಲ್ಲಿ ಹೊನ್ನಿನ ಬಣ್ಣದ ಸಣ್ಣ ಕಡ್ಡಿಗಳು, ಎರಡೂ ತುದಿಗೆ ದುಂಡನೆಯ ಮಣಿ.

"ಅಯ್ಯ, ಬಂಗಾರದ ಬುಗುಡಿ ಇದ್ದಂಗ ಅದಾವಲ್ಲ!"

"ಅವು ನಿಮ್ಮವ್ರ ಕಫದಾಗ ಸಿಕ್ಕಾವು," ಎಂದರು ಡಾಕ್ಟರಮ್ಮ. "ಆ ಕಲ್ಲಿನ ನಾರು ಉಸಿರಿನ ಸಂಗಟ ಒಳಗ ಹೋಗಿ ಕುಂತದ. ಹೊರಗ ಬರಾಂಗಿಲ್ಲ. ಅದು ಕುಂತಲ್ಲಿ ಪುಪ್ಪುಸ ಗಟ್ಟಿಯಾಗ್ತದ, ಒಣಗಿದ ತೊಗಲಿನಂಗ ಬಿಗಿತದ. ಇದಕ್ಕ ಸೂಜಿ ಇಲ್ಲ, ಗುಳಿಗಿ ಇಲ್ಲ. ನಾ ಸುಳ್ಳ ಹೇಳಾಂಗಿಲ್ಲ, ಉಸಿರು ವರ್ಷಾ ವರ್ಷಾ ಕಡಿಮಿ ಆಗ್ತದ. ನೆಗಡಿ ಬಂದ್ರ ಸುದ್ದ ಜ್ವಾಕಿ ಮಾಡಬೇಕು. ಕಲ್ಲಿನ ಧೂಳಿನ್ಯಾಗ ಇನ್ನ ಒಂದು ದಿನ ಇರಬಾರದು."

ಖಂಡೆಪ್ಪ ತಲೆ ತಗ್ಗಿಸಿದ್ದ. ಪೀರಮ್ಮ ಮೇಜಿನ ಅಂಚು ಹಿಡಿದುಕೊಂಡಿದ್ದಳು.

"ಮತ್ತ ಕ್ಷಯರಿ?"

"ಕ್ಷಯ ಎಲ್ಲದ? ನಾ ಮೂರು ಮೂರು ಸಲ ನೋಡೀನಿ. ಇದು ಕ್ಷಯ ಅಲ್ಲ."

"ಅಂದ್ರ… ಇದು ಅಂಟಾಂಗಿಲ್ಲೇನ್ರಿ?"

"ಹೆಂಗ ಅಂಟತದ? ಅವ್ರ ಎದ್ಯಾಗಿನ ಕಲ್ಲು ನಿಮ್ಮ ಎದಿಗೆ ಹಾರಿ ಬರ್ತದೇನು?"

"ಒಂದೇ ತಾಟಿನ್ಯಾಗ ಉಣಬಹುದೇನ್ರಿ?"

"ಉಣ್ರಿ."

"ಒಂದೇ ಗಿಲಾಸಿನ್ಯಾಗ ನೀರ?"

"ಕುಡೀರಿ!"

ಪೀರಮ್ಮ ಖಂಡೆಪ್ಪನ ಕಡೆಗೆ ನೋಡಿದಳು. ಅವನು ತಲೆಯೆತ್ತಿದ. ಮೊದಲು ಅವನ ಹೆಗಲು ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಇಬ್ಬರೂ ಒಟ್ಟಿಗೆ ನಗತೊಡಗಿದರು. ಅವಳ ನಗು ಪಡಸಾಲೆಗೆ ಹೋಗಿ, ಅಲ್ಲಿಂದ ಅಂಗಳಕ್ಕೆ ಹೋಗಿ, ಔಷಧಿಗೆ ಸಾಲು ನಿಂತವರನ್ನು ತಿರುಗಿ ನೋಡುವಂತೆ ಮಾಡಿತು. ಅವನು ಕೆಮ್ಮುತ್ತ ಕುರ್ಚಿಯಿಂದ ಜಾರುವವನಿದ್ದ. ಅವಳು ಓಡಿ ಹೋಗಿ ಅವನ ತೋಳು ಹಿಡಿದಳು. ಅಂಗಳದ ಅಷ್ಟಗಲ ಜಾಗದಿಂದ ಅಷ್ಟು ವರ್ಷ ಕೂಗಿದ ಹೆಂಗಸು ಅವನನ್ನು ಮೊದಲ ಸಲ ಮುಟ್ಟಿದ್ದು ಆವಾಗ.

ಡಾಕ್ಟರಮ್ಮನಿಗೆ ಸಿಟ್ಟು ಬಂತು. "ನಾ ಹೇಳಿದ್ದು ತಿಳೀಲಿಲ್ಲೇನು ನಿಮಗ? ಇದು ಗುಣ ಆಗೋ ಬ್ಯಾನಿ ಅಲ್ಲ!"

"ತಿಳೀತ್ರಿ, ಅಮ್ಮಾರ. ಪೂರಾ ತಿಳೀತು," ಎಂದಳು ಪೀರಮ್ಮ ಕಣ್ಣು ಒರೆಸಿಕೊಳ್ಳುತ್ತ. "ಇವ್ರು ನನ್ನ ಕೊಲ್ತೀನಂತ ಹೆದರಿ ದೂರ ಓಡಾಕತ್ತಿದ್ರು. ಈಗ ಓಡಲಿಕ್ಕೆ ನೆಪ ಇಲ್ಲ."

ಡಾಕ್ಟರಮ್ಮ ಅವರಿಬ್ಬರನ್ನೂ ನೋಡಿದರು, ಕನ್ನಡಕ ತೆಗೆದರು, ತಾವೂ ಸ್ವಲ್ಪ ನಕ್ಕರು. ಆಮೇಲೆ ಖಂಡೆಪ್ಪನನ್ನು ಕೇಳಿದರು, "ನಿಮ್ಮ ಜೋಡಿ ಆ ಕೆಲಸದಾಗ ಇದ್ದವ್ರು?"

ಖಂಡೆಪ್ಪನ ನಗು ನಿಂತಿತು. "ಎಲ್ಲಾರೂ ಕೆಮ್ತಿದ್ರುರಿ. ಗೋದಿ ಕೆಮ್ಮು ಅಂತ ನಾವೇ ಹೆಸರಿಟ್ಟಿದ್ವಿ. ಕೆಲವ್ರು ಸತ್ರು. ಎಲ್ಲಾ ಕ್ಷಯ ಅಂದ್ಕೊಂಡ್ವಿ. ಇಸಾಕ ಇನ್ನೂ ಅಲ್ಲೇ ಇದ್ದಾನ್ರಿ."

"ಅವರಿಗೆ ಹೇಳ್ರಿ," ಎಂದರು ಅವರು. "ಇನ್ನೂ ತಡ ಆಗದವ್ರು ಇರ್ತಾರ."

ಹೊರಗೆ ಬಂದು ಇಬ್ಬರೂ ಇರಾನಿ ಹೋಟೆಲಿನಲ್ಲಿ ಕೂತರು. ಎದುರು ಬದುರಾಗಿ, ಒಂದೇ ಮೇಜಿಗೆ. ಮಾಣಿ ಎರಡು ಚಹಾ ತಂದಿಟ್ಟ. ಪೀರಮ್ಮ ಒಂದನ್ನು ಹಿಂದಕ್ಕೆ ತಳ್ಳಿದಳು.

"ಒಯ್ಯಿ ಇದನ್ನ. ನಮಗ ಒಂದೇ ಬೇಕು!"

ಅವನು ಬಶಿಯಲ್ಲಿ ಸುರಿದು ಅರ್ಧ ಕುಡಿದು ಅವಳ ಮುಂದೆ ಸರಿಸಿದ. ಅವಳು ಅವನ ತುಟಿ ತಾಕಿದ ಕಡೆಯಿಂದಲೇ ಸೊರ್ರನೆ ಕುಡಿದಳು. ಪಕ್ಕದ ಮೇಜಿನ ಇಬ್ಬರು ವಕೀಲರು ಮುಖ ಮುಖ ನೋಡಿಕೊಂಡರು.

"ಪೀರಮ್ಮ, ಭಾಳ ದಿನ ಇರಾಂಗಿಲ್ಲ ನಾನು. ಅದೂ ಕೇಳೀದಿಯಲ್ಲ?"

"ಕೇಳೀನಿ." ಅವಳು ಬಶಿ ಕೆಳಗಿಟ್ಟಳು. ಕಣ್ಣು ತುಂಬಿತ್ತು, ಆದರೆ ದನಿ ಇಳಿದಿರಲಿಲ್ಲ. "ಎಷ್ಟು ದಿನ ಇರ್ತೀರೋ ಅಷ್ಟು ದಿನ ಇರ್ರಿ. ಬ್ಯಾನಿಯಂತೂ ಅಂಟಾಂಗಿಲ್ಲ, ನೀವರ ಅಂಟ್ಕೋರಿ!"

ಹೋಟೆಲಿನವರೆಲ್ಲ ತಿರುಗಿ ನೋಡಿದರು. ಖಂಡೆಪ್ಪ ಕೆಮ್ಮು ಬಾರದಂತೆ ನಗುವ ಉಪಾಯ ಹುಡುಕಿದ, ಸಿಗಲಿಲ್ಲ.

ಉಡಕಿ ಮುಧೋಳದಲ್ಲಾಯಿತು. ಅದನ್ನು ಹೊತ್ತು ಮುಳುಗಿದ ಮೇಲೆ, ನಾಲ್ಕು ಜನ ಹಿರಿಯರ ಎದುರು, ಸದ್ದಿಲ್ಲದೆ ಮುಗಿಸುವುದು ವಾಡಿಕೆ. ಹಿರಿಯರು ಹಾಗೆಯೇ ಹೇಳಿ ಕಳಿಸಿದರು.

"ಕತ್ತಲದಾಗ ಮಾಡಲಿಕ್ಕೆ ನಾ ಏನರ ಕಳವು ಮಾಡೀನೇನು?" ಎಂದಳು ಪೀರಮ್ಮ. "ನಡು ಮಧ್ಯಾಹ್ನ ಆಗಬೇಕು. ಹಲಗಿ ಬಾರಿಸಬೇಕು."

ಹಿರಿಯರು ಕಾಶಪ್ಪನ ಕಡೆಗೆ ನೋಡಿದರು. ಕಾಶಪ್ಪ ಕಂಬಳಿ ಸರಿಪಡಿಸಿಕೊಂಡು, "ಆಕಿ ಮೆಲ್ಲಗ ಮಾತಾಡಿದ್ರೂ ಹಲಗಿ ಬಾರಿಸಿದಂಗೇ ಆಗ್ತದ. ಹಲಗೀನೂ ಇರಲಿ ಬಿಡ್ರಿ," ಎಂದ. ಅಷ್ಟಕ್ಕೆ ಅದು ಬಗೆಹರಿಯಿತು.

ವಾಡಿಯಿಂದ ರಜೆ ಸಿಕ್ಕ ಡ್ರೈವರು, ಫಾಯರಮನ್ನುಗಳೆಲ್ಲ ಬಂದರು. ಬಂದೇಅಲಿ ಹಸಿರು ಸೀರೆ ತಂದ. ಬಿಸಿಲಿನಲ್ಲಿ, ಊರೆಲ್ಲ ನೋಡುತ್ತಿರುವಾಗ ಪೀರಮ್ಮ ಅದನ್ನು ಉಟ್ಟಳು. ಊಟಕ್ಕೆ ಇಬ್ಬರೂ ಒಂದೇ ತಾಟಿಗೆ ಕೂತಾಗ ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. ಪೀರಮ್ಮ ತುತ್ತು ಕೈಯಲ್ಲಿ ಹಿಡಿದು ಎದ್ದು ನಿಂತಳು.

"ಇವ್ರಿಗೆ ಕ್ಷಯ ಇಲ್ಲ! ಎದ್ಯಾಗ ಕಲ್ಲಿನ ಧೂಳದ. ಅದು ಅಂಟಾಂಗಿಲ್ಲ. ಹೈದರಾಬಾದಿನ ಡಾಕ್ಟ್ರಮ್ಮ ಹೇಳ್ಯಾರ. ಈಗ ಎಲ್ಲಾರೂ ಉಣ್ರಿ!"

ಎಲ್ಲರೂ ಉಂಡರು. ಹಲಗಿಯವರು ಬಾರಿಸುತ್ತಲೇ ಇದ್ದರು. ಕಾಶಪ್ಪ ಕುಣಿದ, ಅವನ ಟಗರೂ ಹಗ್ಗ ಹರಿದುಕೊಂಡು ಬಂದು ಕುಣಿದವರ ನಡುವೆ ನುಗ್ಗಿ ಇಬ್ಬರು ಗಾರ್ಡುಗಳನ್ನು ಮಣ್ಣಿಗೆ ಕೆಡವಿತು. ಖಂಡೆಪ್ಪನಿಗೆ ಕುಣಿಯಲು ಆಗಲಿಲ್ಲ. ಹೊರಸಿನ ಮೇಲೆ ಕೂತು ತಾಳ ಹಾಕಿದ.

ಮದುವೆಯಾದ ವಾರದೊಳಗೆ ಇಬ್ಬರೂ ಬೊಂಬಾಯಿಗೆ ಹೋದರು. ಹೊಸ ಜೋಡಿ ತಿರುಗಾಡಲು ಹೊರಟಿದೆ ಎಂದು ಜನ ನಕ್ಕರು. ಅದೂ ಸುಳ್ಳೇನಲ್ಲ. ವಾಡಿಯಲ್ಲಿ ಮೇಲ್ ಗಾಡಿ ಹತ್ತಿ, ಈ ಸಲ ಒಂದೇ ಬಾಕಿನ ಮೇಲೆ, ಭುಜಕ್ಕೆ ಭುಜ ತಾಗಿಸಿ ಕೂತು ಹೋದರು. ಪೀರಮ್ಮ ಕೂಗಬೇಕಾದ ಕಾರಣವೇ ಇರಲಿಲ್ಲ, ಆದರೂ ಕೂಗಿದಳು.

ಗೋದಿಯ ದೊಡ್ಡ ಬಾಗಿಲ ಎದುರು ಸಂಜೆ ಕೆಲಸ ಬಿಡುವ ಭೋಂಗಾ ಕೂಗುವುದನ್ನೇ ಕಾದು ನಿಂತರು. ಜನ ಹೊಳೆಯಂತೆ ಹೊರಗೆ ಬಂದರು. ಅವರಲ್ಲೊಬ್ಬ ಹುಬ್ಬು, ಮೀಸೆ, ರೆಪ್ಪೆಯೆಲ್ಲ ಬೆಳ್ಳಗಾಗಿ ಬರುತ್ತಿದ್ದ. ಮುದುಕನಿರಬೇಕೆಂದು ಪೀರಮ್ಮ ದಾರಿ ಬಿಟ್ಟಳು.

"ಇಸಾಕ!" ಎಂದ ಖಂಡೆಪ್ಪ.

ಇಸಾಕ ತೋಳು ಚಾಚಿ ಓಡಿ ಬಂದ. ಖಂಡೆಪ್ಪ ಎರಡೂ ಕೈ ಮುಂದೆ ಮಾಡಿ ತಡೆದ. "ಮೊದ್ಲು ನಳದ ಕೆಳಗ ನಿಂದ್ರು. ಆ ಧೂಳು ತೊಳ್ಕೊ. ಆಮ್ಯಾಲ ಅಪ್ಪಿಕೊ."

ಇಸಾಕನ ಜೊತೆಯವರು ಇದೇನು ತಮಾಷೆ ಎಂದು ನಿಂತರು. ಅವನು ನಳದ ಕೆಳಗೆ ತಲೆಯೊಡ್ಡಿ ಎದ್ದಾಗ ಕರಿಯ ಮೀಸೆಯ, ನಲವತ್ತು ದಾಟದ ಗಂಡಸಾಗಿದ್ದ. ಖಂಡೆಪ್ಪ ಉಸಿರು ಹಿಡಿದು ಹಿಡಿದು ಎಲ್ಲವನ್ನೂ ಹೇಳಿದ. ಡಾಕ್ಟರಮ್ಮನ ಮಾತು, ಎದೆಯ ಫೋಟೋ, ಗಾಜಿನ ಮೇಲಿನ ಹೊನ್ನಿನ ಕಡ್ಡಿಗಳು. ಅವನ ದನಿ ಸಾಲದಾದಲ್ಲಿ ಪೀರಮ್ಮ ಹೇಳಿದಳು. ಅವಳು ಕನ್ನಡದಲ್ಲಿಯೇ ಹೇಳಿದರೂ ಮರಾಠಿಯವರು, ತೆಲುಗರು ಎಲ್ಲ ನಿಂತು ಕೇಳಿದರು, ಆ ದನಿ ಕೇಳಿಸಿಕೊಳ್ಳದೆ ಮುಂದೆ ಹೋಗುವುದು ಸುಲಭವಿರಲಿಲ್ಲ. ಇಸಾಕ ಅವರಿಗೆ ಅವರವರ ಮಾತಿನಲ್ಲಿ ತಿಳಿಸಿದ. ಕೆಲವರು ನಕ್ಕು ಹೊರಟರು. ಒಬ್ಬ ತನ್ನ ಬೆರಳ ತುದಿಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತ ಅಲ್ಲೇ ನಿಂತುಬಿಟ್ಟ.

"ಮತ್ತ ಹೊಟ್ಟಿಗೇನು ಮಾಡ್ಲಿ, ಅಕ್ಕ?" ಎಂದ ಇಸಾಕ. ಅವನಿಗೂ ಕೆಮ್ಮು ಬಂತು. ಸಣ್ಣದು, ಇನ್ನೂ ಒಣ ಕೆಮ್ಮೇ.

"ವಾಡಿಗೆ ಬಾ. ನನ್ನ ಒಲಿಗೆ ಕಟಗಿ ಒಡಿ, ಸಂತಿಗೆ ಹೋಗು, ರೈಲಿನವ್ರಿಗೆ ಬುತ್ತಿ ಮುಟ್ಟಿಸು. ನನ್ನ ಹಿಟ್ಟಿನ ಧೂಳ ಉಂಡ್ರ ಮೈ ಬರ್ತದ, ಸಾಯಾಂಗಿಲ್ಲ."

ಇಸಾಕ ಆ ದಿನ ಒಪ್ಪಲಿಲ್ಲ. ಕೆಲಸ ಮಾಡಿಸುವ ಮುಕಾದಮನಿಗೆ ಹೇಳಿ ನೋಡುತ್ತೇನೆ, ಚೀಲ ಒದರುವ ಮೊದಲು ನೀರು ಹಾಕಿಸುತ್ತೇನೆ, ಮುಖಕ್ಕೆ ಬಟ್ಟೆ ಕಟ್ಟಿಸುತ್ತೇನೆ ಎಂದ. ಹೇಳಿದನಂತೆ ಕೂಡ. ಅಷ್ಟು ಭಯವಿದ್ದರೆ ಮನೆಯಲ್ಲಿ ಕೂಡು ಎಂದು ಮುಕಾದಮ ಗದರಿದನಂತೆ. ಯುಗಾದಿಯ ಮುಂಚೆ ಒಂದು ಬೆಳಗ್ಗೆ ಇಸಾಕ, ಅವನ ಹೆಂಡತಿ, ಎರಡು ಟ್ರಂಕು ವಾಡಿಯಲ್ಲಿ ಇಳಿದರು. ಬೆರಳು ನೋಡಿಕೊಂಡು ನಿಂತಿದ್ದ ಆ ಮನುಷ್ಯನೂ ಕೆಲಸ ಬಿಟ್ಟು ರತ್ನಾಗಿರಿಯ ಕಡೆಗೆ ಹೋದನೆಂದು ಇಸಾಕನೇ ಹೇಳಿದ. ಉಳಿದವರು ಅಲ್ಲೇ ಇದ್ದರು.

ಖಂಡೆಪ್ಪ ಫರಸಿ ಕಾಯುವುದನ್ನು ಬಿಟ್ಟ. ಖಾನಾವಳಿಯ ಬಾಗಿಲಲ್ಲಿ ಗಾದಿ ಹಾಕಿಕೊಂಡು ಕೂತು ಬಂದವರನ್ನು ಮಾತಾಡಿಸುವುದೇ ಅವನ ಕೆಲಸವಾಯಿತು. ಅವನ ಹಡಗಿನ ಕತೆ ಕೇಳಲೆಂದು ಕೆಲವರು ಗಾಡಿ ತಪ್ಪಿಸಿಕೊಂಡರು. ಹೈದರಾಬಾದ್ ರಾಜ್ಯ ಒಡೆದು ಈ ಸೀಮೆ ಮೈಸೂರಿಗೆ ಸೇರಿದ ಹೊತ್ತಿಗೆ ಅವನಿಗೆ ಬಾಗಿಲಿನಿಂದ ಬೇವಿನ ಮರದ ತನಕ ಹೋಗಲು ಎರಡು ಸಲ ನಿಲ್ಲಬೇಕಾಗುತ್ತಿತ್ತು. ಚಳಿಗಾಲದಲ್ಲಿ ಪೀರಮ್ಮ ಅವನ ಬೆನ್ನಿಗೆ ಒಲೆಯ ಬೂದಿಯ ಶಾಖ ಕೊಡುತ್ತಿದ್ದಳು, ಬೈಯುತ್ತಿದ್ದಳು, ಒಮ್ಮೊಮ್ಮೆ ಅವನು ಮಲಗಿದ ಮೇಲೆ ಉಸಿರನ್ನು ಎಣಿಸುತ್ತಿದ್ದಳು.

ಆದರೆ ಬೊಂಬಾಯಿಯ ಆ ಸಂಜೆ ಇದೆಲ್ಲ ಇನ್ನೂ ಮುಂದಿತ್ತು. ಇಸಾಕನ ಮನೆಯಲ್ಲಿ ಉಂಡು, ಮರುದಿನ ಅವರಿಬ್ಬರೂ ಸಮುದ್ರ ನೋಡಲು ಹೋದರು. ಅಷ್ಟು ನೀರನ್ನು ಕಂಡು ಪೀರಮ್ಮನಿಗೆ ಒಂದು ಗಳಿಗೆ ಮಾತೇ ಹೊರಡಲಿಲ್ಲ. ಖಂಡೆಪ್ಪ ಗಾಬರಿಯಾಗಿ ಅವಳ ಮುಖ ನೋಡಿದ. ಆಮೇಲೆ ಅವಳು ಸೀರೆಯ ನೆರಿಗೆ ಎತ್ತಿ ಕಟ್ಟಿ ತೆರೆಗೆ ನುಗ್ಗಿದಳು. ತೆರೆ ಅವಳನ್ನು ಕೂಡಿಸಿತು, ಎಬ್ಬಿಸಿತು, ಮತ್ತೆ ಕೂಡಿಸಿತು. ಉಪ್ಪು ನೀರು ಉಗುಳುತ್ತ, ಕೂದಲು ಬಿಚ್ಚಿಕೊಂಡು, ಅವಳು ದಂಡೆಯ ಕಡೆಗೆ ತಿರುಗಿ ಕೂಗಿದಳು:

"ಬರ್ರಿ! ಏನ್ ನೋಡಾಕತ್ತೀರಿ, ಬರ್ರಿ!"

ಖಂಡೆಪ್ಪ ಚಪ್ಪಲಿ ಬಿಟ್ಟ. ಮರಳಿನಲ್ಲಿ ನಾಲ್ಕು ಹೆಜ್ಜೆ ನಡೆದು ನಿಂತ, ಉಸಿರು ಹಿಡಿದ, ಮತ್ತೆ ನಾಲ್ಕು ಹೆಜ್ಜೆ ನಡೆದ. ಅವಳು ಅವಸರ ಮಾಡಲಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕೈ ಚಾಚಿಕೊಂಡು ಅವನು ಬರುವ ತನಕ ಕಾದಳು.